ಏಳು ಕುದುರೆ ಬಾರಿನ ಭೇಟಿ ಪುಸ್ತಕ

8 ಸೆಪ್ಟೆಂಬರ್ 2024, ಭಾನುವಾರ

ರಾತ್ರಿ ಎಂಟು ಗಂಟೆ. ಬೆಳಿಗ್ಗೆ ಕೊತ್ತಗೆರೆಗೆ ಹೋಗಿ ಅತ್ತೆಯನ್ನು ನೋಡಿ ಈಗ ತುಮಕೂರಿಗೆ ವಾಪಸು ಬಂದೆ. ಕುಣಿಗಲ್ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಂಡಕ್ಟರ್ ಹೊಸಬ. ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಇದೇ ರೂಟಿನಲ್ಲಿ ಇವರು ಹತ್ತೊಂಬತ್ತು ವರ್ಷ ಟಿಕೆಟ್ ಕೊಟ್ಟರು. ಇವರು ಅಂದರೆ ನನ್ನ ಗಂಡ ಗಂಗಾಧರ್. ಫೆಬ್ರವರಿಯಲ್ಲಿ ಹೋದರು. ಹಾರ್ಟು.

ಇದು ಅಂಗನವಾಡಿಯ ಭೇಟಿ ಪುಸ್ತಕ. ಮೇಲಿನವರು ಬಂದಾಗ ನೋಡಿದ್ದನ್ನು ಬರೆದು ಸಹಿ ಹಾಕಲು ಕೊಟ್ಟದ್ದು. ಹೊಸ ಪುಸ್ತಕ ಬಂದಮೇಲೆ ಇದು ಉಳಿಯಿತು. ಉದ್ದನೆಯ ಹಾಳೆ, ರಟ್ಟಿನ ಮೇಲೆ ಸರ್ಕಾರದ ಮುದ್ರೆ. ‘ಮಾತಂತೂ ಆಡಲ್ಲ, ಬರಿಯಾದ್ರೂ ಬರಿ ಅಮ್ಮ’ ಅಂತ ಮಗಳು ಸುಶ್ಮಿತಾ ಹೇಳಿದ್ದಕ್ಕೆ ಮನೆಗೆ ತಂದು ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ಟೀಚರ್ ಆಗಿ ಬರೀ ಹಾಜರಿ, ತೂಕ, ಎತ್ತರ ಬರೆದವಳು. ಬೇರೆ ಥರ ಬರೆಯಲು ಬರುವುದಿಲ್ಲ.

ಅತ್ತೆ ಹೊಂಬಾಳಮ್ಮನಿಗೆ ಎಂಬತ್ತೊಂದು. ಕಣ್ಣು ಮಂಜು, ನೆನಪು ಮಾತ್ರ ಚೂರಿಯ ಹಾಗೆ ಹರಿತ. ಬರುವ ತಿಂಗಳು ಎರಡಕ್ಕೆ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ನಮ್ಮ ಕಡೆ ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಎಲೆಯ ಮೇಲೆ ಇಡಬೇಕು. ಮಾವನವರಿಗೆ ಬೀಡಿ ಮತ್ತು ಬ್ರಾಂದಿ. ಮಾವನ ಅಕ್ಕನಿಗೆ ನಶ್ಯ. ಯಾರೋ ಒಬ್ಬ ಚಿಕ್ಕಪ್ಪನಿಗೆ ಇಸ್ಪೀಟು ಎಲೆ ಕೂಡ ಇಡುತ್ತಾರೆ.

‘ಈ ಸಲ ಅವನಿಗೂ ಎಡೆ. ಹೊಸಬರ ಎಡೇಲಿ ತಪ್ಪಾಗ್ಬಾರ್ದು, ಮುನಿಸ್ಕೊಂಡು ಹೋದ್ರೆ ಇನ್ನ ಬರಾಕಿಲ್ಲ’ ಅಂದರು ಅತ್ತೆ. ಆಮೇಲೆ ಕೇಳಿದರು, ‘ಅವ್ನು ಏನ್ ಕುಡೀತಿದ್ದ?’

ಗೊತ್ತಿಲ್ಲ ಅಂದೆ.

‘ಇಪ್ಪತ್ನಾಕು ವರ್ಷ ಸಂಸಾರ ಮಾಡಿ ಗೊತ್ತಿಲ್ವಾ? ಹೋಗ್ಲಿ, ಊಟದಾಗೆ ಏನಿಷ್ಟ ಹೇಳು.’

ಅದೂ ಗೊತ್ತಿಲ್ಲ. ಏನು ಸಾರು ಮಾಡಲಿ ಅಂದರೆ ‘ಏನಾದ್ರೂ ಸರಿ’ ಅನ್ನುತ್ತಿದ್ದರು. ಮಾಡಿದ್ದನ್ನು ತಿನ್ನುತ್ತಿದ್ದರು. ಡ್ಯೂಟಿ ಇಲ್ಲದ ಸಂಜೆ ಆರಕ್ಕೆ ‘ಡಿಪೋಗೆ ಹೋಗ್ಬರ್ತೀನಿ’ ಅಂತ ಹೋಗಿ ಎಂಟಕ್ಕೆ ಬಾಯಿ ತುಂಬ ಸೋಂಪು ಹಾಕಿಕೊಂಡು ಬರುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಎಲ್ಲಿಗೆ, ಏನು ಅಂತ ಒಂದು ದಿನವೂ ಕೇಳಲಿಲ್ಲ. ಕೇಳದೇ ಇರುವುದು ಒಳ್ಳೆಯ ಗುಣ ಅಂದುಕೊಂಡಿದ್ದೆ.

ಇಪ್ಪತ್ತನಾಲ್ಕು ದಿನ ಇದೆ. ತಿಳಿದುಕೊಳ್ಳಬೇಕು.

10 ಸೆಪ್ಟೆಂಬರ್, ಮಂಗಳವಾರ

ಪೆನ್ಷನ್ ಕಾಗದಕ್ಕೆ ಡಿಪೋಗೆ ಹೋಗಿದ್ದೆ. ಮೆಕ್ಯಾನಿಕ್ ತಿಮ್ಮರಾಜು ಸಿಕ್ಕಿದ. ಇವರ ಜೊತೆ ಕೂರುತ್ತಿದ್ದವನು. ಗುಬ್ಬಿ ಗೇಟಿನ ಹತ್ತಿರ ‘ಏಳು ಕುದುರೆ’ ಅನ್ನುವ ಬಾರು ಅಂತ ಅವನೇ ಹೇಳಿದ.

‘ರಮ್ಮೇ ಅಕ್ಕ. ಡೌಟೇ ಬ್ಯಾಡ. ಗಂಗಣ್ಣ ರಮ್ ಬಿಟ್ರೆ ಬ್ಯಾರೆ ಮುಟ್ಟಿದ್ ಮನ್ಸ ಅಲ್ಲ.’

ಎಡೆ ಎಷ್ಟು ಹೊತ್ತಿಗೆ ಎತ್ತುತ್ತೀರಿ, ಎತ್ತಿದ ಮೇಲೆ ಅದು ಪ್ರಸಾದ ಅಲ್ಲವಾ ಅಂತ ಕೇಳಿದ. ಹೌದು ಅಂದೆ. ಕೊತ್ತಗೆರೆಗೆ ಬಸ್ಸು ಎಷ್ಟು ಹೊತ್ತಿಗೆ ಅಂತಲೂ ಕೇಳಿದ. ಡಿಪೋದವನು ನನ್ನನ್ನು ಬಸ್ಸಿನ ಟೈಮು ಕೇಳಿದ.

ರಮ್ ಅಂತ ಬರೆದುಕೊಂಡೆ.

15 ಸೆಪ್ಟೆಂಬರ್, ಭಾನುವಾರ

ಗುಬ್ಬಿಗೆ ಮಗಳ ಮನೆಗೆ ಹೋಗಿದ್ದೆ. ಅವಳ ಮನೆಯ ಹಿಂದಿನ ಬೀದಿಯಲ್ಲೇ ಕರಿಬಸವಯ್ಯ ಇದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದವರು, ಇವರಿಗೆ ಹಿರಿಯರು. ತಿಮ್ಮರಾಜು ರಮ್ ಅಂದ ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು.

‘ಅವನ ಮಾತು ಕೇಳ್ಬೇಡಮ್ಮ. ಗಂಗಾಧರ ಕುಡೀತಿದ್ದದ್ದು ವಿಸ್ಕಿ. ಅದೂ ಹನ್ನೆರಡು ವರ್ಷ ಇಟ್ಟಿದ್ದು.’

ಚೀಟಿಯ ಮೇಲೆ ಅದರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟರು. ಫುಲ್ ಬಾಟಲೇ ಇಡಬೇಕಂತೆ, ಕ್ವಾರ್ಟರ್ ಇಟ್ಟರೆ ಆತ್ಮಕ್ಕೆ ಅವಮಾನ ಆಗುತ್ತಂತೆ. ಕರಿಬಸವಯ್ಯನವರ ಹೆಂಡತಿ ಕಾಫಿ ತಂದಾಗ ಹೇಳಿದರು: ತಮ್ಮ ಯಜಮಾನರಿಗೆ ಡಾಕ್ಟರು ರಮ್ ಬಿಡಿಸಿದ್ದಾರೆ, ವಿಸ್ಕಿಗೆ ಏನೂ ಅಂದಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಇವರಿಗೆ ಹನ್ನೆರಡು ವರ್ಷದ್ದು ಬೇಕಾಗಿತ್ತೋ ಇಲ್ಲವೋ, ಕರಿಬಸವಯ್ಯನವರು ಹನ್ನೆರಡು ವರ್ಷದಿಂದ ಕಾಯುತ್ತಿದ್ದ ಹಾಗಿತ್ತು.

ಅಂಗನವಾಡಿ ಹೇಗಿದೆ ಅಂತ ಆಫೀಸಿನಲ್ಲಿ ಕೂತು ಗೊತ್ತಾಗುವುದಿಲ್ಲ, ಸ್ಥಳಕ್ಕೇ ಹೋಗಬೇಕು ಅಂತ ನಮ್ಮ ಮೇಲ್ವಿಚಾರಕಿ ಹೇಳುತ್ತಿರುತ್ತಾರೆ.

17 ಸೆಪ್ಟೆಂಬರ್, ಮಂಗಳವಾರ

ಸಂಜೆ ಏಳೂವರೆ. ಹೋಗಿ ಬಂದೆ.

ಸೆರಗು ತಲೆಗೆ ಹೊದ್ದು ಹೋದೆ. ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದೆ, ಕೈಗೆ ಏನಾದರೂ ಬೇಕಿತ್ತು. ಹೊರಗೆ ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಅಂತ ಬೋರ್ಡು. ಫ್ಯಾಮಿಲಿ ರೂಮು ಎಲ್ಲಿ ಅಂದೆ. ವೇಟರು ತೋರಿಸಿದ. ಅದರೊಳಗೆ ಖಾಲಿ ಕ್ರೇಟು, ರೆಕ್ಕೆ ಮುರಿದ ಫ್ಯಾನು, ಹೋದ ವರ್ಷದ ಗಣಪತಿಯ ಪೀಠ. ಫ್ಯಾಮಿಲಿ ಬರಬಹುದು ಅಂತ ಅವರಿಗೆ ಅನಿಸಿಯೇ ಇರಲಿಲ್ಲ. ಬಾಗಿಲ ಹತ್ತಿರದ ಟೇಬಲಿನಲ್ಲಿ ಕೂತೆ.

ನಿಂಬೆಹಣ್ಣಿನ ಸೋಡಾ ಹೇಳಿದೆ. ಯಾರನ್ನೂ ಏನೂ ಕೇಳಲು ಬಾಯಿ ಬರಲಿಲ್ಲ. ಸುಮ್ಮನೆ ಕೂರಲು ಭಯವಾಗಿ ಪುಸ್ತಕ ತೆಗೆದು ಕಂಡದ್ದನ್ನು ಬರೆದೆ.

ಬೆಳಕು: ಸಾಲದು. ಒಂದು ಟ್ಯೂಬ್‌ಲೈಟು ಮಿಟುಕುತ್ತದೆ.

ಗಾಳಿ: ಒಳಗಿನದೇ ಒಳಗೆ ಸುತ್ತುತ್ತದೆ.

ಗಿಡಮರ: ಮೂಲೆಯಲ್ಲಿ ಫೈಬರಿನ ತೆಂಗಿನ ಮರ, ಗರಿಗೆ ಹಸಿರು ಬಲ್ಬು. ಮೂರು ಕಾಯಿ ಇರಬೇಕಾದ ಕಡೆ ಎರಡಿದೆ. ಹೊರಗೆ ಬಂದು ಯಾವ ದಿಕ್ಕಿಗೆ ನೋಡಿದರೂ ತೆಂಗು ಕಾಣುವ ಊರಿನಲ್ಲಿ ಇದನ್ನು ದುಡ್ಡು ಕೊಟ್ಟು ತಂದಿದ್ದಾರೆ.

ಮೀನಿನ ತೊಟ್ಟಿ: ನೀರಿದೆ, ಗುಳ್ಳೆ ಬರುತ್ತದೆ, ಒಳಗೊಂದು ಕೋಟೆ ಇದೆ. ಮೀನಿಲ್ಲ.

ದೇವರು: ಒಂಬತ್ತು. ಹೂವು ತಾಜಾ.

ಗೋಡೆ ಚಿತ್ರ: ಉತ್ತರದ ಗೋಡೆಗೆ ಉದ್ದಕ್ಕೂ ಓಡುವ ಏಳು ಬಿಳಿ ಕುದುರೆ. ಕೈಯಲ್ಲಿ ಬರೆದದ್ದು. ಎಲ್ಲ ಕುದುರೆಗೂ ಹುಬ್ಬು ಇದೆ. ಎರಡಕ್ಕೆ ಕಿವಿಯೋಲೆಯ ಹಾಗೆ ಏನೋ. ಮಕ್ಕಳ ತಲೆ ಎಣಿಸಿ ಅಭ್ಯಾಸ, ಕಾಲು ಎಣಿಸಿದೆ. ಇಪ್ಪತ್ತೆಂಟು ಇರಬೇಕು, ಇಪ್ಪತ್ತಾರಿದೆ.

ಶೌಚಾಲಯ: ಹೆಂಗಸರದ್ದು ಇದೆ. ಬೀಗ ಹಾಕಿದೆ. ಕೀ ಓನರ್ ಹತ್ತಿರ, ಓನರ್ ಕುಣಿಗಲ್ಲಿನಲ್ಲಿ.

ಒಳಗೆ ಎಂಟು ಜನ ಗಂಡಸರು. ನಾನು ಹೋದ ಮೇಲೆ ಎಲ್ಲರೂ ಲೈಬ್ರರಿಯಲ್ಲಿ ಕೂತ ಹಾಗೆ ಕೂತರು. ನಮ್ಮ ಅಂಗನವಾಡಿಯ ಒಂದು ಮಗುವಿನ ತಂದೆ ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು ಕಾಲು ಗಂಟೆ ಓದಿದರು. ಪೋಷಕರ ಸಭೆಯಲ್ಲಿ ಲಸಿಕೆಯ ಕರಪತ್ರ ಕೊಟ್ಟಾಗ ಇಷ್ಟು ಶ್ರದ್ಧೆ ಕಂಡಿರಲಿಲ್ಲ.

ವೇಟರಿನ ಹೆಸರು ನಾಗೇಶ್, ನಲವತ್ತೈದು ಇರಬಹುದು. ಸೋಡಾ ಇಡುವಾಗ ಪುಸ್ತಕದ ರಟ್ಟು ನೋಡಿದ. ಆಮೇಲೆ ಟೇಬಲನ್ನು ಒದ್ದೆ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ಒಂದು ಸಲ ಒರೆಸಿದ.

ಸೋಡಾ ಚೆನ್ನಾಗಿತ್ತು. ಉಪ್ಪು ಸ್ವಲ್ಪ ಜಾಸ್ತಿ.

20 ಸೆಪ್ಟೆಂಬರ್, ಶುಕ್ರವಾರ

ಇವತ್ತು ಮತ್ತೆ ಹೋದೆ. ಇವತ್ತಾದರೂ ಕೇಳಿಬಿಡಬೇಕು ಅಂತಲೇ ಹೋದೆ.

ಟ್ಯೂಬ್‌ಲೈಟು ಹೊಸದು. ತೊಟ್ಟಿಯಲ್ಲಿ ಎರಡು ಕೆಂಪು ಮೀನು, ಬಂದ ಊರು ಇನ್ನೂ ಅರ್ಥವಾಗದವರ ಹಾಗೆ ಕೋಟೆಯ ಹಿಂದೆ ನಿಂತಿದ್ದವು. ಹೆಂಗಸರ ಶೌಚಾಲಯದ ಬೀಗ ತೆಗೆದಿತ್ತು. ಒಳಗೆ ಸೋಪು, ಬಕೆಟ್ಟು, ಮಗ್ಗು ಮೂರೂ ಹೊಸವು. ಸೋಪಿನ ಕಾಗದ ಕೂಡ ಬಿಚ್ಚಿರಲಿಲ್ಲ. ತೆಂಗಿನ ಮರಕ್ಕೆ ಮೂರನೇ ಕಾಯಿ ಬಂದಿದೆ. ಅದು ನಿಜವಾದ ಕಾಯಿ, ದಾರದಲ್ಲಿ ಕಟ್ಟಿದ್ದಾರೆ.

ಓನರ್ ಕುಣಿಗಲ್ಲಿನಿಂದ ಬಂದಿದ್ದರು. ಲಕ್ಷ್ಮೀನರಸಿಂಹಯ್ಯ. ಹಣೆಗೆ ನಾಮ, ಕೈಗೆ ದಾರ. ನಾನು ಕೂರುವ ಮೊದಲೇ ಕುರ್ಚಿ ಎಳೆದರು. ಕುಣಿಗಲ್ಲಿನ ಕುದುರೆ ಫಾರಮ್ಮಿಗೆ ಅವರ ತಂದೆ ಹುಲ್ಲು ಹಾಕುತ್ತಿದ್ದರಂತೆ, ಅದಕ್ಕೇ ಬಾರಿಗೆ ಈ ಹೆಸರು, ಈ ಚಿತ್ರ. ಕುದುರೆ ಒಳಮುಖವಾಗಿ ಓಡಿದರೆ ವ್ಯಾಪಾರ ಒಳಗೆ ಬರುತ್ತದಂತೆ.

‘ನಾನು ಇದನ್ನ ಜೀವಮಾನದಲ್ಲಿ ಮುಟ್ಟಿಲ್ಲ ಮೇಡಂ. ವಾಸನೆ ಬಂದ್ರೂ ಸ್ನಾನ ಮಾಡ್ತೀನಿ. ನಮ್ದು ಬರೀ ಮಾರೋದು.’

ಮೇಡಂ ಅಂತ ಯಾಕೆ ಅಂದರೋ. ಯಾರು, ಎಲ್ಲಿಂದ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ತಾವಾಗೇ ಹೇಳಿದರು: ‘ಎರಡನೇ ತಾರೀಕು ಗಾಂಧಿ ಜಯಂತಿ ಮೇಡಂ, ಡ್ರೈ ಡೇ. ನಾವು ಪೂರ್ತಿ ಕ್ಲೋಸು. ಹಿಂದಿನ ಬಾಗಿಲೂ ತೆಗಿಯಲ್ಲ.’

ಹಿಂದೆ ಒಂದು ಬಾಗಿಲು ಇದೆ ಅಂತ ನನಗೆ ಗೊತ್ತಿರಲಿಲ್ಲ. ಬರೆದುಕೊಂಡೆ. ಬರೆಯುವುದನ್ನು ನೋಡಿ ಅವರು ಕರ್ಚೀಫು ತೆಗೆದು ಕುತ್ತಿಗೆ ಒರೆಸಿದರು.

ಆದರೆ ಆ ದಿನವೇ ಅಮಾವಾಸ್ಯೆ ಅನ್ನುವುದು ಆಗ ಹೊಳೆಯಿತು. ಎಡೆಗೆ ಬೇಕಾದ್ದನ್ನು ಒಂದನೇ ತಾರೀಕೇ ತೆಗೆದಿಡಬೇಕು. ಈ ವರ್ಷ ಹಿರಿಯರೂ ಗಾಂಧಿಯವರೂ ಒಂದೇ ದಿನ ಬರುತ್ತಿದ್ದಾರೆ.

ಅಷ್ಟು ಮರ್ಯಾದೆ ಮಾಡಿದ ಮೇಲೆ, ನನ್ನ ಗಂಡ ಇಲ್ಲಿ ಕುಡಿಯುತ್ತಿದ್ದರಾ ಅಂತ ಕೇಳಲು ನಾಚಿಕೆಯಾಯಿತು. ಎರಡು ಸೋಡಾ ಕುಡಿದು ಬಂದೆ. ಉಪ್ಪು ಸರಿ ಮಾಡಿದ್ದಾರೆ.

24 ಸೆಪ್ಟೆಂಬರ್, ಮಂಗಳವಾರ

ಕೇಳಿದೆ.

ಇವರ ಐಡಿ ಕಾರ್ಡಿನ ಫೋಟೋ ತೋರಿಸಿದೆ. ಖಾಕಿ ಶರ್ಟು, ಮೀಸೆ ಕತ್ತರಿಸಿದ ಹೊಸದರಲ್ಲಿ ತೆಗೆಸಿದ್ದು. ‘ಇವರು ಇಲ್ಲಿಗೆ ಬರ್ತಿದ್ರಾ? ಏನು ತಗೋತಿದ್ರು?’ ಅಂದೆ. ಎರಡೇ ಮಾತು. ಅದಕ್ಕೆ ಎರಡು ವಾರ ಬೇಕಾಯಿತು.

ಓನರ್ ಫೋಟೋವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ದೂರದಿಂದಲೇ ನೋಡಿದರು. ‘ಇಂಥವರನ್ನ ನಾವು ನೋಡೇ ಇಲ್ಲ ಮೇಡಂ. ನಮ್ಮಲ್ಲಿ ಎಲ್ಲಾ ಸೀಲ್ ಮಾಲು. ನಮ್ಮಲ್ಲಿ ಕುಡಿದು ಯಾರೂ ಸತ್ತಿಲ್ಲ.’

ನಾಗೇಶ್ ಪಕ್ಕದ ಟೇಬಲು ಒರೆಸುತ್ತಲೇ ಇದ್ದ. ಅವನೂ ಇಲ್ಲ ಅಂತ ತಲೆ ಆಡಿಸಿದ. ನನ್ನ ಮುಖ ನೋಡಲಿಲ್ಲ.

ಇವರು ಸತ್ತಿದ್ದಾರೆ ಅಂತ ನಾನು ಹೇಳಿಯೇ ಇರಲಿಲ್ಲ.

25 ಸೆಪ್ಟೆಂಬರ್, ಬುಧವಾರ

ಹದಿನೆಂಟು ಮಕ್ಕಳು. ಅನ್ನ, ಸಾಂಬಾರು, ಮೊಟ್ಟೆ.

ನೋಡೇ ಇಲ್ಲವಂತೆ.

27 ಸೆಪ್ಟೆಂಬರ್, ಶುಕ್ರವಾರ

ಸಂಜೆ ಎಂಟು ಆಗುತ್ತಾ ಬಂತು. ಇವತ್ತು ಹೆಚ್ಚು ಬರೆಯಬೇಕು.

ಓನರ್ ಕುಣಿಗಲ್ಲಿಗೆ ಹೋಗಿದ್ದರು. ಜನ ಇನ್ನೂ ಬಂದಿರಲಿಲ್ಲ. ಸೆರಗು ಹೊದೆಯುವುದು ಮರೆತು ಹೋಗಿದ್ದೆ, ಅಲ್ಲಿ ಕೂತ ಮೇಲೆ ಗೊತ್ತಾಯಿತು. ನಾಗೇಶ್ ಸೋಡಾ ತಂದಿಟ್ಟು ಹೋಗದೆ ನಿಂತ.

‘ಮೇಡಂ, ಯಾವ ಇಲಾಖೆ ಅಂತ ಒಂದ್ ಮಾತ್ ಹೇಳ್ಬುಡಿ. ಫುಡ್ಡೋ, ಎಕ್ಸೈಸೋ? ಓನರು ಮೂರ್ ದಿವ್ಸದಿಂದ ಊಟ ಮಾಡ್ತಿಲ್ಲ.’

ಅಂಗನವಾಡಿ ಅಂದೆ.

ಅವನು ಪುಸ್ತಕದ ರಟ್ಟನ್ನು ಇನ್ನೊಂದು ಸಲ ನೋಡಿದ. ‘ಅಂಗನವಾಡಿಯವ್ರಿಗೂ ಈಗ ಬಾರ್ ಚೆಕಿಂಗ್ ಕೊಟ್ಟವ್ರಾ?’

ಆಗ ನನಗೆ ಸೋಪು, ಮೀನು, ಟ್ಯೂಬ್‌ಲೈಟು ಎಲ್ಲ ಅರ್ಥವಾಯಿತು. ನಗು ಬಂತು. ಬಂದ ನಗು ಬೇರೆ ಏನೋ ಆಗುವ ಮೊದಲು ಹೇಳಿದೆ: ‘ನಾನು ಗಂಗಾಧರ್ ಹೆಂಡತಿ.’

ನಾಗೇಶ್ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟ. ವೇಟರು ಕೂರಬಾರದು ಅಂತ ಅವನಿಗೇ ನೆನಪಾಗಿ ಎದ್ದ. ನಾನು ಕೂತ್ಕೋ ಅಂದೆ.

‘ಹನ್ನೊಂದು ವರ್ಷ ನಾನೇ ಸಪ್ಲೈ ಮಾಡಿದೀನಿ ಅಕ್ಕ’ ಅಂದ. ಮೇಡಂ ಹೋಗಿ ಅಕ್ಕ ಆದೆ. ಇವರು ಹೋದ ಸುದ್ದಿ ತಿಮ್ಮರಾಜುವಿನಿಂದ ಗೊತ್ತಾಗಿ ಮಣ್ಣಿಗೂ ಬಂದಿದ್ದನಂತೆ, ಹಿಂದೆ ನಿಂತು ಹೋಗಿದ್ದನಂತೆ. ಮೊನ್ನೆ ಫೋಟೋ ತೋರಿಸಿದಾಗ ಸಾವಿನ ತನಿಖೆ ಅಂದುಕೊಂಡು ಓನರ್ ಇಲ್ಲ ಅಂದಿದ್ದಕ್ಕೆ ಇವನೂ ಇಲ್ಲ ಅಂದ. ಆ ಸಂಜೆ ಮನೆಗೆ ಹೋಗಿ ಹೆಂಡತಿ ಹತ್ತಿರ ಬೈಸಿಕೊಂಡನಂತೆ.

ಸರಿ, ಏನು ಕುಡೀತಿದ್ರು ಹೇಳು ಅಂದೆ. ಎಡೆಗೆ ಬೇಕು ಅಂದೆ.

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ.

‘ಸಾರ್ ಯಾವತ್ತೂ ಇಂಥದ್ದು ಅಂತ ಹೇಳಿಲ್ಲ ಅಕ್ಕ. ಬಂದು ಕೂತು, ಏನಾದ್ರೂ ಸರಿ ತಗೊಂಬಾ ನಾಗೇಶ ಅನ್ನೋರು. ಅದಕ್ಕೆ ನಾವು...’ ನಿಲ್ಲಿಸಿದ. ‘ಯಾರೂ ಕೇಳ್ದೆ ಉಳಿದಿದ್ದು, ಡೇಟ್ ಮುಗಿಯಕ್ಕೆ ಬಂದಿದ್ದು, ಅದೆಲ್ಲ ಸಾರ್ ಟೇಬಲ್ಲಿಗೇ ಹೋಗ್ತಿತ್ತು. ಒಂದಿನಾನೂ ಏನೂ ಅಂದಿಲ್ಲ.’

ನಾನು ಸೋಡಾ ಲೋಟವನ್ನು ಪಕ್ಕಕ್ಕೆ ಸರಿಸಿದೆ.

ಆಮೇಲೆ ಹೇಳಿದೆ, ಅವರಿಗೆ ಕೊಡ್ತಿದ್ದದ್ದನ್ನೆಲ್ಲ ಒಂದೊಂದು ಗುಟುಕು ನನಗೆ ತಗೊಂಡು ಬಾ ಅಂತ. ಅವನು ನನ್ನ ಮುಖ ನೋಡಿದ. ಸ್ಥಳಕ್ಕೆ ಬಂದ ಮೇಲೆ ಬಿಸಿಯೂಟ ರುಚಿ ನೋಡದೆ ಸಹಿ ಹಾಕುವ ಹಾಗಿಲ್ಲ, ಅದು ನಿಯಮ. ಅದನ್ನೇ ಅವನಿಗೂ ಹೇಳಿದೆ. ನಾಲ್ಕು ಸಣ್ಣ ಲೋಟ ತಂದ. ವಿವರ:

ಒಂದನೇ ಲೋಟ, ರಮ್: ಕೆಮ್ಮಿನ ಔಷಧಿಗೆ ಬೆಲ್ಲ ಹಾಕಿ ಬೆಂಕಿ ಹಚ್ಚಿದ ಹಾಗೆ. ತಿಮ್ಮರಾಜುವಿಗೆ ಸರಿಯಾಗಿದೆ.

ಎರಡನೇ ಲೋಟ, ವಿಸ್ಕಿ: ಟ್ರಂಕಿನಲ್ಲಿ ಮುಚ್ಚಿಟ್ಟ ರೇಷ್ಮೆ ಸೀರೆಯ ವಾಸನೆ. ಹನ್ನೆರಡು ವರ್ಷದ್ದಲ್ಲ, ಆ ಹೆಸರಿನದು ಈ ಬಾರಿಗೆ ಯಾವತ್ತೂ ಬಂದೇ ಇಲ್ಲವಂತೆ.

ಮೂರನೇ ಲೋಟ, ಸ್ಟ್ರಾಂಗ್ ಬಿಯರು: ಕಹಿ. ಬೇವಿನ ಕಹಿಯಾದರೆ ಗುಣಕ್ಕಾದರೂ ಕುಡಿಯಬಹುದು, ಇದಕ್ಕೆ ಅದೂ ಇಲ್ಲ. ಜನ ಅತಿ ಹೆಚ್ಚು ಕೇಳುವುದು ಇದನ್ನೇ ಅಂತೆ.

ನಾಲ್ಕನೇ ಲೋಟ, ಗೋಧಿ ಬಿಯರು: ಇದು ಇರುವುದೇ ನನಗೆ ಗೊತ್ತಿರಲಿಲ್ಲ. ಕಂಪನಿಯವರು ಬಲವಂತ ಮಾಡಿ ಎರಡು ಕ್ರೇಟು ಇಳಿಸಿ ಹೋಗಿದ್ದರಂತೆ, ಗುಬ್ಬಿ ಗೇಟಿನಲ್ಲಿ ಒಬ್ಬರೂ ಕೇಳಲಿಲ್ಲವಂತೆ. ಗೋಧಿ ಅಂದರೆ ನನಗೆ ಗೊತ್ತಿರುವ ಸಾಮಾನು. ಮಕ್ಕಳಿಗೆ ಕೊಡುವ ಪುಷ್ಟಿ ಪುಡಿಯನ್ನು ತೆಳ್ಳಗೆ ಕದಡಿ ಕಿತ್ತಳೆ ಸಿಪ್ಪೆ ಹಿಂಡಿದ ಹಾಗಿದೆ. ಬಣ್ಣ ಮಂಕು. ನೊರೆ ಮೆತ್ತಗೆ. ಖಚಿತ ಮಾಡಿಕೊಳ್ಳಲು ಇನ್ನೊಂದು ಗುಟುಕು ಕುಡಿದೆ. ಖಚಿತವಾಗಲಿಲ್ಲ, ಲೋಟ ಮುಗಿಸಿದೆ.

‘ಕೊನೇ ತಿಂಗಳೆಲ್ಲ ಸಾರ್‌ಗೆ ಇದೇ ಕೊಟ್ವಿ’ ಅಂದ ನಾಗೇಶ್. ಅವರಿಗೆ ಹಿಡಿಸಿತ್ತಾ ಅಂದೆ. ಗೊತ್ತಿಲ್ಲ ಅಂದ. ‘ಸಾರ್ ಮಾತಾಡ್ತಿದ್ದದ್ದೇ ಕುದುರೆ ಕಾಲಿನ ವಿಷ್ಯ ಒಂದೇ ಅಕ್ಕ. ದಿನಾ ಎಣಿಸೋರು.’

ನಾನು ಲೋಟ ಕೆಳಗಿಟ್ಟೆ. ‘ಇಪ್ಪತ್ತಾರು ಇದೆ’ ಅಂದೆ.

‘ಸಾರ್ ಇಪ್ಪತ್ತೇಳು ಅಂತಿದ್ರು.’

‘ಇಪ್ಪತ್ತಾರೇ. ಎರಡು ಸಲ ಎಣಿಸಿದೀನಿ.’

‘ತಿಮ್ಮರಾಜಣ್ಣನೂ ಇಪ್ಪತ್ತಾರೇ ಅಂತಿದ್ದ. ಅದಕ್ಕೆ ಸಾರು, ಟಿಕೆಟ್ ಎಣಿಸೋನಿಗೆ ಲೆಕ್ಕ ಹೇಳ್ಕೊಡ್ತೀಯಾ ಅಂತ ರೇಗೋರು.’

ಇವರು ರೇಗಿದ್ದನ್ನು ನಾನು ನೋಡಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲವೂ. ನನಗೆ ಸಿಟ್ಟು ಬಂತು. ಮನೆಯಲ್ಲಿ ಯಾವುದಕ್ಕೂ ಎದುರು ಹೇಳದವರು ಇಲ್ಲಿ ಕುದುರೆ ಕಾಲಿಗೆ ಜಗಳ ಆಡಿದ್ದಾರೆ. ಮೂರನೇ ಸಲ ಎಣಿಸಿದೆ, ಬೆರಳು ಮಡಿಸಿ, ಗಟ್ಟಿಯಾಗಿ. ಇಪ್ಪತ್ತಾರು.

ನಾಗೇಶ್ ಒಳಮೂಲೆಗೆ ಕರೆದುಕೊಂಡು ಹೋದ. ಕೈತೊಳೆಯುವ ಬೇಸಿನ್ನಿನ ಪಕ್ಕ, ಕಂಬದ ಹಿಂದೆ ಒಂದು ಕುರ್ಚಿ. ಯಾರೂ ಬೇಕು ಅಂತ ಕೂರುವ ಜಾಗವಲ್ಲ. ಕೈ ತೊಳೆದವರೆಲ್ಲ ನೀರು ಕೊಡವುವುದು ಅಲ್ಲಿಗೇ. ಕೂತೆ. ಅಲ್ಲಿಂದ ನೋಡಿದರೆ ಬಿಯರು ಇಡುವ ಫ್ರಿಜ್ಜಿಗೂ ಗೋಡೆಗೂ ನಡುವೆ ಒಂದು ಗೇಣು ಸಂದು ಕಾಣುತ್ತದೆ. ಆ ಸಂದಿಯೊಳಗೆ ಕೊನೆಯ ಕುದುರೆಯ ಹಿಂದಿನ ಕಾಲು, ಗೊರಸಿನ ತನಕ.

ಇಪ್ಪತ್ತೇಳು.

‘ಇಪ್ಪತ್ತೆಂಟನೇದು?’ ಅಂದೆ.

‘ಅದು ಪೇಂಟ್ರು ಮರ್ತಿರೋದು ಅಂತಿದ್ರು ಸಾರ್.’

ಅಲ್ಲೇ ಕೂತಿದ್ದೆ. ಯಾರೋ ಕೈ ತೊಳೆದು ನೀರು ಕೊಡವಿದರು.

28 ಸೆಪ್ಟೆಂಬರ್, ಶನಿವಾರ

ಬೆಳಿಗ್ಗೆ ದೋಸೆ ಹುಯ್ದೆ. ಮೊದಲನೇ ದೋಸೆ ಯಾವತ್ತೂ ಹಂಚಿಗೆ ಅಂಟಿ ಕಿತ್ತು ಬರುತ್ತದೆ. ಅದನ್ನು ಯಾವಾಗಲೂ ಇವರ ತಟ್ಟೆಗೆ ಹಾಕುತ್ತಿದ್ದೆ. ರಾತ್ರಿ ಉಳಿದ ಮುದ್ದೆಯನ್ನೂ. ತಳ ಹಿಡಿದ ಅನ್ನವನ್ನೂ. ಸುಶ್ಮಿತಾ ಬೇಡ ಅಂತಿದ್ದಳು, ನಾನೂ ತಿನ್ನುತ್ತಿರಲಿಲ್ಲ, ಇವರು ಏನಾದ್ರೂ ಸರಿ ಅಂತಿದ್ದರು.

ಬಾರಿನವರನ್ನು ಬೈಯಲು ನನಗೆ ಬಾಯಿಲ್ಲ.

ಇವತ್ತು ಕಿತ್ತುಹೋದ ದೋಸೆಯನ್ನು ನಾನೇ ತಿಂದೆ. ಚೆನ್ನಾಗೇನೂ ಇರಲಿಲ್ಲ.

1 ಅಕ್ಟೋಬರ್, ಮಂಗಳವಾರ

ಸಂಜೆ ಏಳೂಮುಕ್ಕಾಲು. ಬೆಳಿಗ್ಗೆ ಅಂಗನವಾಡಿಯಲ್ಲಿ ಗಾಂಧಿ ಫೋಟೋದ ಗಾಜು ಒರೆಸಿ, ನಾಳೆಯ ಕಾರ್ಯಕ್ರಮಕ್ಕೆ ಮಕ್ಕಳಿಗೆ ‘ಸತ್ಯವನ್ನೇ ಹೇಳುತ್ತೇವೆ’ ಅಂತ ಬಾಯಿಪಾಠ ಮಾಡಿಸಿದೆ. ಚೌಕಟ್ಟಿನ ಮೊಳೆ ಸಡಿಲ ಇತ್ತು. ಹೊಡೆಸಲು ಫೋಟೋವನ್ನು ಚೀಲದಲ್ಲಿ ಹಾಕಿಕೊಂಡು, ಹಾಗೇ ಏಳು ಕುದುರೆಗೆ ಹೋದೆ.

ಜನವೋ ಜನ. ನಾಳೆ ಇಲ್ಲ ಅಂತ ಇವತ್ತೇ ಎರಡು ದಿನದ್ದು ಕುಡಿಯುತ್ತಿದ್ದಾರೆ. ನಮ್ಮ ಟೇಬಲು ನಾಗೇಶ್ ಹಿಡಿದಿಟ್ಟಿದ್ದ, ಬೇಸಿನ್ನಿನ ಪಕ್ಕದ್ದು. ನಾನು ಯಾವ ಇಲಾಖೆಯೂ ಅಲ್ಲ ಅನ್ನುವುದು ಓನರಿಗೆ ಗೊತ್ತಾಗಿದೆ. ಈ ಸಲ ಕುರ್ಚಿ ಎಳೆಯಲಿಲ್ಲ. ಶೌಚಾಲಯಕ್ಕೆ ಮತ್ತೆ ಬೀಗ. ಗಂಡಸರು ಕೈ ತೊಳೆಯುವ ಕಡೆ ಇಟ್ಟಿದ್ದ ಸೋಪೂ ಇಲ್ಲ. ಮರದ ಮೇಲಿನ ನಿಜವಾದ ಕಾಯಿ ಇಳಿಸಿ ಚಟ್ನಿ ಮಾಡಿದ್ದಾರೆ, ಅದು ನನಗೆ ರುಚಿಯಲ್ಲೇ ಗೊತ್ತಾಯಿತು. ಮೀನು ಮಾತ್ರ ಇವೆ, ವಾಪಸು ತೆಗೆದುಕೊಳ್ಳುವುದಿಲ್ಲ ಅಂದರಂತೆ ಅಂಗಡಿಯವರು.

ಕೌಂಟರಿಗೆ ಹೋದೆ. ‘ಬೀಗ ತೆಗೀರಿ. ಸೋಪು ಇಡಿ’ ಅಂದೆ.

ಲಕ್ಷ್ಮೀನರಸಿಂಹಯ್ಯ ನಕ್ಕರು. ‘ಏನಮ್ಮ, ನೀವು ಅಂಗನವಾಡಿ ಟೀಚರಂತೆ? ನಾನು ಎಷ್ಟು ಹೆದರಿಬಿಟ್ಟಿದ್ದೆ.’

‘ಹೌದು. ಇನ್ನೂ ಬರ್ತಿರ್ತೀನಿ. ಸೋಪು ಇಡಿ.’

ಇಟ್ಟರು. ನನ್ನ ದನಿ ಅಷ್ಟು ಗಟ್ಟಿ ಇತ್ತಾ ಅಂತ ನಾಗೇಶನನ್ನು ಕೇಳಿದೆ. ಹೊರಗೆ ಬೀಡಾ ಅಂಗಡಿ ತನಕ ಕೇಳಿಸ್ತು ಅಂದ.

ತಿಮ್ಮರಾಜು ಇದ್ದ. ಕರಿಬಸವಯ್ಯನವರೂ ಗುಬ್ಬಿಯಿಂದ ಬಂದಿದ್ದರು. ರಮ್ಮಾ, ವಿಸ್ಕಿಯಾ ಅಂತ ತಮ್ಮಲ್ಲೇ ಬಹಳ ಹೊತ್ತು ವಾದ ಮಾಡಿ, ಕೊನೆಗೆ ಎರಡೂ ಇಡಲಿ, ಗಂಗಾಧರನಿಗೆ ಭೇದ ಇರಲಿಲ್ಲ ಅನ್ನುವ ತೀರ್ಮಾನಕ್ಕೆ ಬಂದಿದ್ದರು. ಗೋಧಿ ಬಿಯರು ಇಡ್ತೀನಿ ಅಂದೆ.

‘ಥೂ, ಅದಾ? ಅದನ್ನ ಯಾರ್ ಕುಡೀತಾರಕ್ಕ?’ ಅಂದ ತಿಮ್ಮರಾಜು.

‘ಅವನಿಗೆ ಅದು ಇಷ್ಟ ಅಂತ ಯಾರು ಹೇಳಿದ್ರಮ್ಮ?’ ಅಂದರು ಕರಿಬಸವಯ್ಯ.

‘ಯಾರೂ ಹೇಳಿಲ್ಲ. ನನಗೆ ಇಷ್ಟ’ ಅಂದೆ. ‘ಅವರು ಏನಾದ್ರೂ ಸರಿ ಅಂತಿದ್ರಲ್ಲ.’

ಇಬ್ಬರೂ ಲೋಟ ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ತಿಮ್ಮರಾಜುವಿಗೆ ನಾಳೆ ಊರ್ಡಿಗೆರೆಯಲ್ಲಿ ಭಾವಮೈದನ ಮನೆ ಕೆಲಸ ಇರುವುದು ನೆನಪಾಯಿತು. ಕರಿಬಸವಯ್ಯನವರಿಗೆ ಅಷ್ಟು ದೂರ ಬಸ್ಸು ಆಗುವುದಿಲ್ಲವಂತೆ, ಸೊಂಟ.

ನಾಗೇಶ್ ಫ್ರಿಜ್ಜಿನ ಮುಂದಿದ್ದ ಎರಡು ಬಾಟಲಿ ತಂದ. ತಿರುಗಿಸಿ ಡೇಟು ನೋಡಿದೆ. ಹತ್ತಿರ ಬಂದಿತ್ತು. ಬೇಡ, ಹೊಸದು ತಾ ಅಂದೆ. ಹೊಸ ಲೋಡಿನಲ್ಲಿ ಬಂದಿದೆಯಾ ನೋಡ್ತೀನಿ ಅಂತ ಹಿಂದೆ ಹೋದ. ತುಂಬ ಹೊತ್ತು ಹುಡುಕಿ, ಮುಂದಿನ ಮಾರ್ಚಿನ ತನಕ ಇರುವ ಎರಡು ತಂದು ಕೊಟ್ಟ. ಪೇಪರಿನಲ್ಲಿ ಸುತ್ತಿ ಗಾಂಧಿ ಫೋಟೋದ ಪಕ್ಕ ನಿಲ್ಲಿಸಿಕೊಂಡೆ. ಒಂದಕ್ಕೊಂದು ತಗುಲಿ ಗಾಜು ಒಡೆಯಬಾರದು ಅಂತ ನಡುವೆ ಈ ಪುಸ್ತಕ ಇಟ್ಟೆ.

ಮನೆಗೆ ಬಂದು ಅತ್ತೆಗೆ ಫೋನು ಮಾಡಿದೆ. ಗೊತ್ತಾಯ್ತೇನೇ ಅಂದರು. ಗೋಧಿದು ಅಂದೆ. ‘ಗೋಧಿ ಒಳ್ಳೇದು ಬುಡು, ಶುಗರ್ರಿಗೂ ಆಯ್ತದೆ’ ಅಂದರು. ಎರಡು ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಒಂದು ನನಗೆ ಅಂತ ಹೇಳುತ್ತಿದ್ದೆನೋ ಏನೋ.

ದೋಸೆಗೆ ರುಬ್ಬಿಟ್ಟಿದ್ದೇನೆ. ಡಬ್ಬಿಯಲ್ಲಿ ಹಿಟ್ಟು ತೆಗೆದುಕೊಂಡು ಹೋಗಿ ಅಲ್ಲೇ ಹುಯ್ಯುತ್ತೇನೆ. ಎಡೆಗೆ ಎರಡನೇ ದೋಸೆ.

ಎಂಟಕ್ಕೆ ಅಂಗನವಾಡಿ, ಒಂಬತ್ತೂವರೆಗೆ ಕುಣಿಗಲ್ ಬಸ್ಸು. ನಾಳೆ ಏಳು ಕುದುರೆಗೆ ರಜೆ.